ಮಲಗಿದ ಲಿಫ್ಟು

ಲಿಫ್ಟುಗಳನ್ನು ನೋಡಿಕೊಳ್ಳಲು ಸರ್ಕಾರದಲ್ಲಿ ಒಂದು ಇಲಾಖೆಯೇ ಇದೆ ಎಂಬ ಸಂಗತಿ, ಲಿಫ್ಟಿನೊಳಗೆ ಒಮ್ಮೆಯಾದರೂ ಸಿಕ್ಕಿಹಾಕಿಕೊಂಡವರನ್ನು ಬಿಟ್ಟರೆ ಉಳಿದವರಿಗೆ ಗೊತ್ತಿರುವುದಿಲ್ಲ. ಆ ಇಲಾಖೆಯಲ್ಲಿ ಒಬ್ಬ ಇನ್ಸ್‌ಪೆಕ್ಟರಿದ್ದ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಯಲ್ಲಿ ಜವಾನನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಕೊನೆಮಹಡಿ’ ಎಂದು.

ಕಾರಣ ಸರಳ. ಬೇರೆ ಇನ್ಸ್‌ಪೆಕ್ಟರುಗಳು ಲಿಫ್ಟಿನ ಬಾಗಿಲು ತೆರೆದು, ಒಳಗೆ ಇಣುಕಿ, ಒಂದೆರಡು ಗುಂಡಿ ಒತ್ತಿ, ಕೆಳಗೇ ನಿಂತು ಸಹಿ ಹಾಕಿ ಹೋಗುತ್ತಿದ್ದರು. ಇವನು ಮಾತ್ರ ಕೊನೆಯ ಮಹಡಿಯವರೆಗೆ ಹೋಗಿ, ಅದೇ ಲಿಫ್ಟಿನಲ್ಲಿ ಇಳಿದು ಬಂದ ಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ತಾನು ಹತ್ತದ ಲಿಫ್ಟಿಗೆ ಇನ್ನೊಬ್ಬರನ್ನು ಹತ್ತಿಸುವುದು ಹೇಗೆ ಎಂಬುದು ಅವನ ವಾದ. ಈ ವಾದದ ದೆಸೆಯಿಂದ ಅವನು ಎಷ್ಟೋ ಮಧ್ಯಾಹ್ನ ಎರಡು ಮಹಡಿಗಳ ನಡುವೆ ಕತ್ತಲಲ್ಲಿ ಕೂತು ಬುತ್ತಿ ಬಿಚ್ಚಿದ್ದುಂಟು. ಇಡೀ ಇಲಾಖೆಯಲ್ಲಿ ಅವನಷ್ಟು ಸಲ ಮೇಲೇರಿದವರು ಇನ್ನೊಬ್ಬರಿಲ್ಲ, ಆದರೂ ಬಡ್ತಿಯ ವಿಷಯ ಬಂದಾಗ ಮಾತ್ರ ನೆಲಮಹಡಿಯಲ್ಲೇ ನಿಂತಿದ್ದ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಅವಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಮನೆಯಲ್ಲಿ ಗಾದೆ ಹೇಳುತ್ತಿದ್ದಳು.

ಹೀಗಿರುವಾಗ ಇಲಾಖೆಗೆ ಒಂದು ವಿಚಿತ್ರ ಅರ್ಜಿ ಬಂತು. ಊರಾಚೆ ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಗಣಿಯೊಂದಿತ್ತು. ಅದರಲ್ಲಿ ನೀರು ನಿಂತು ಕೆರೆಯಾಗಿತ್ತು. ಲಾರಿ ವ್ಯಾಪಾರ ಸಾಕೆನಿಸಿದ ಒಬ್ಬ ಮನುಷ್ಯ ಅದನ್ನು ಗುತ್ತಿಗೆ ಹಿಡಿದು, ಸುತ್ತಲೂ ಕಂಬ ನೆಟ್ಟು, ಕಂಬದಿಂದ ಕಂಬಕ್ಕೆ ಉಕ್ಕಿನ ತಂತಿಹಗ್ಗ ಎಳೆದು, ಅದನ್ನು ತಿರುಗಿಸಲು ಮೋಟಾರು ಕೂರಿಸಿದ್ದ. ಆ ತಂತಿಗೆ ಜೋತುಬಿದ್ದ ಹಗ್ಗದ ತುದಿಯ ಹಿಡಿಕೆಯನ್ನು ಕೈಯಲ್ಲಿ ಹಿಡಿದು, ಬೂಟು ಜೋಡಿಸಿದ ಹಲಗೆಯೊಂದನ್ನು ಕಾಲಿಗೆ ಕಟ್ಟಿಕೊಂಡರೆ, ಮೋಟಾರು ಮನುಷ್ಯನನ್ನು ನೀರಿನ ಮೇಲೆ ಕೆರೆಯ ಸುತ್ತ ಎಳೆದೊಯ್ಯುತ್ತದೆ. ಹಲಗೆಗೆ ವೇಕ್‌ಬೋರ್ಡ್ ಎನ್ನುತ್ತಾರೆ, ಜಾಗಕ್ಕೆ ಕೇಬಲ್ ಪಾರ್ಕ್ ಎನ್ನುತ್ತಾರೆ.

ಇದಕ್ಕೆ ಪರವಾನಗಿ ಕೊಡುವವರು ಯಾರು? ಜಲಸಾರಿಗೆಯವರು ಇದರಲ್ಲಿ ದೋಣಿಯೇ ಇಲ್ಲ ಎಂದರು. ಕ್ರೀಡೆಯವರು ಚೆಂಡಿಲ್ಲ ಎಂದರು. ಅರ್ಜಿ ಅಲ್ಲಿ ಇಲ್ಲಿ ಅಲೆದು ಸುಸ್ತಾಗಿ ಕೊನೆಗೆ ಲಿಫ್ಟು ಇಲಾಖೆಗೆ ಬಂದು ಬಿತ್ತು. ಮೇಲಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೋಟಾರಿದೆ, ತಂತಿಹಗ್ಗವಿದೆ, ಮನುಷ್ಯನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತದೆ. ಇದು ಲಿಫ್ಟಲ್ಲದೆ ಮತ್ತೇನು? ಅಡ್ಡ ಮಲಗಿದೆ, ಅಷ್ಟೆ. ‘ಮಲಗಿದ ಲಿಫ್ಟು’ ಎಂದು ಕಡತದ ಮೇಲೆ ಬರೆದು ಕೊನೆಮಹಡಿಯ ಮೇಜಿಗೆ ಕಳಿಸಿಬಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ದೊಡ್ಡ ಕುರ್ಚಿಗಳಲ್ಲಿ ಕೂರುತ್ತಾರೆ ಎಂಬುದು ಎಲ್ಲ ದೇಶಗಳಲ್ಲೂ ಕಂಡುಬಂದಿರುವ ವಿಷಯ.

ಭಾನುವಾರ ಪಾರ್ಕಿನ ಉದ್ಘಾಟನೆ. ಮುಖ್ಯ ಅತಿಥಿ ಮೇಲಧಿಕಾರಿಯೇ. ಹಾಗಾಗಿ ಕೊನೆಮಹಡಿಗೆ ಸಿಕ್ಕ ಆಜ್ಞೆ ಚಿಕ್ಕದಾಗಿತ್ತು: ಹೋಗಿ ನೋಡಿ, ಸಹಿ ಹಾಕಿ ಬನ್ನಿ.

ಅವನು ಹೋಗಿ ನೋಡಿದ. ಲಿಫ್ಟಿಗೆ ಏನೇನಿರಬೇಕೋ ಅದನ್ನೆಲ್ಲ ಕೇಳಿದ. ಅಪಾಯದ ಗಂಟೆ ಎಲ್ಲಿ? ಕರೆಂಟು ಹೋದರೆ ಉರಿಯುವ ದೀಪ ಎಲ್ಲಿ? ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಫಲಕ ಎಲ್ಲಿ? ಕನ್ನಡಿ? ಮಾಲೀಕ ಮೊದಲು ನಕ್ಕ, ಆಮೇಲೆ ಇನ್ಸ್‌ಪೆಕ್ಟರನ ಮುಖ ನೋಡಿ ನಗು ನುಂಗಿಕೊಂಡ. ಲಾರಿ ಮಾರಿದ ದುಡ್ಡೆಲ್ಲ ಆ ನೀರಿನಲ್ಲೇ ಇತ್ತು. ಮೂರನೆಯ ದಿನ ಹೋಗುವ ಹೊತ್ತಿಗೆ ಹೆಲ್ಮೆಟ್ಟಿಗೆ ಸೈಕಲ್ ಗಂಟೆ ಬಂದಿತ್ತು, ಹಲಗೆಯ ಮೂತಿಗೆ ಬ್ಯಾಟರಿ ದೀಪ ಬಂದಿತ್ತು, ಹಲಗೆಯ ಮೇಲೆ ‘ಒಬ್ಬರಿಗೆ ಮಾತ್ರ’ ಎಂಬ ಫಲಕ ಬಂದಿತ್ತು, ಹಿಡಿಕೆಯ ನಡುವೆ ಮುಖ ಕಾಣುವಂಥ ಸ್ಟೀಲ್ ತಗಡು ಬಂದಿತ್ತು. ಕೊನೆಮಹಡಿಗೆ ಸಮಾಧಾನವಾಯಿತು.

“ಸರಿ. ಇನ್ನು ಹತ್ತಿ ನೋಡ್ಬೇಕು. ಕೊನೇ ಮಹಡಿ ಯಾವುದು?” ಎಂದು ಕೇಳಿದ.

ಮಾಲೀಕ ಹಲಗೆಯಾಟ ಕಲಿಸುವವಳ ಮುಖ ನೋಡಿದ. ಅವಳು ದಪ್ಪನೆಯ, ನಡುವಯಸ್ಸಿನ ಹೆಂಗಸು. ಮೊದಲು ಈಜು ಕಲಿಸುತ್ತಿದ್ದವಳು. ನೀರೊಳಗಿದ್ದವರಿಗೂ ಕೇಳಿಸಬೇಕಾಗಿದ್ದರಿಂದ ಅವಳ ಗಂಟಲು ಅದಕ್ಕೆ ತಕ್ಕ ಹಾಗೆ ಬೆಳೆದಿತ್ತು. ಇದರಲ್ಲಿ ಕೊನೆ ಎಂಬುದಿಲ್ಲ, ಹೊರಟ ಕಟ್ಟೆಗೇ ಸುತ್ತಿಕೊಂಡು ಬರುತ್ತದೆ ಎಂದು ಅವಳು ವಿವರಿಸಿದಳು. ಕೊನೆಮಹಡಿ ಯೋಚಿಸಿದ. ಲಿಫ್ಟಿನಲ್ಲೂ ಹತ್ತಿದಲ್ಲಿಗೇ ಇಳಿದು ಬರುತ್ತೇವಲ್ಲ. ಹಾಗಿದ್ದರೆ ನಡುವೆ ಎಲ್ಲೂ ಇಳಿಯದೆ ಒಂದು ಪೂರ್ತಿ ಸುತ್ತು. ಅದಾದ ಮೇಲೆ ಸಹಿ.

ಈಜು ಬರುತ್ತದೆಯೇ ಎಂದು ಅವಳು ಕೇಳಿದಳು. ಲಿಫ್ಟು ಹತ್ತುವವರಿಗೆ ಹಾರಲು ಬರುತ್ತದೆಯೇ ಎಂದು ಅವನು ಕೇಳಿದ.

ಹೊರಗೆ ಹೀಗೆ ಮಾತಾಡಿದನೇ ಹೊರತು, ಆ ದಿನದಿಂದ ಅವನ ಮೈಯೊಳಗೆ ಒಂದು ಕುತೂಹಲ ಹೊಕ್ಕಿತು. ಇಷ್ಟು ವರ್ಷ ಮೇಲೆ ಹೋಗಿದ್ದ, ಕೆಳಗೆ ಬಂದಿದ್ದ. ಹಗ್ಗ ಎಳೆದರೆ ಅಡ್ಡಡ್ಡ ಹೋಗುವುದು ಹೇಗಿರುತ್ತದೆ? ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರದೆ, ಕಂಬಿ ಹಿಡಿದು, ಮಂಡಿ ಬಗ್ಗಿಸಿ, ತಿರುವು ಬಂದಾಗಲೆಲ್ಲ ತನ್ನ ಮೈ ಯಾವ ಕಡೆಗೆ ವಾಲುತ್ತದೆ ಎಂದು ಪರೀಕ್ಷಿಸತೊಡಗಿದ. ಪಕ್ಕದವರು ಹೊಟ್ಟೆನೋವೇ ಎಂದು ಕೇಳಿ ಕಿಟಕಿ ಬಿಟ್ಟುಕೊಟ್ಟರು.

ಮನೆಯಲ್ಲಿ ವಿಷಯ ತಿಳಿದಾಗ ಹೆಂಡತಿ ತಟ್ಟೆ ಕುಕ್ಕಿದಳು. ಒಂದು ಸಹಿಗೋಸ್ಕರ ನೀರಿಗೆ ಬೀಳುವ ಗಂಡಸನ್ನು ಅವಳು ಕಂಡಿರಲಿಲ್ಲವಂತೆ, ಕೇಳಿರಲೂ ಇಲ್ಲವಂತೆ. ಆದರೆ ಅವಳ ತಮ್ಮ ಕನ್ನಡಕದಂಗಡಿ ಮುಚ್ಚಿ ಓಡಿ ಬಂದ. ಅವನು ಸರ್ವಜ್ಞಾನಿ. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ತಾನೇ ಮಾಡಿದ್ದೇನೆಂದು ನಂಬುವ ಜಾತಿ. ತಕ್ಷಣ ಇಸ್ತ್ರಿ ಹಲಗೆಯ ಕಾಲು ಮಡಚಿ, ನಡುಮನೆಯ ನೆಲಕ್ಕೆ ಸೋಪಿನ ನೀರು ಸುರಿದು, ಭಾವನನ್ನು ಅದರ ಮೇಲೆ ಕುಕ್ಕುರುಗಾಲಲ್ಲಿ ಕೂರಿಸಿ, ಕೈಗೆ ಟವೆಲಿನ ಒಂದು ತುದಿ ಕೊಟ್ಟು ಇನ್ನೊಂದು ತುದಿ ಹಿಡಿದು ಎಳೆಯತೊಡಗಿದ.

“ಭಾವ, ಒಂದೇ ಮಾತು ನೆನಪಿಟ್ಕೊಳ್ಳಿ. ಆಕಾಶ ಕಳಚಿ ಬಿದ್ರೂ ಕೈ ಬಿಡ್ಬೇಡಿ.”

ಕೊನೆಮಹಡಿಗೆ ಈ ಉಪದೇಶ ಹಿಡಿಸಿತು. ಲಿಫ್ಟು ಅಲುಗಾಡಿದರೆ ಕಂಬಿ ಗಟ್ಟಿಯಾಗಿ ಹಿಡಿದು ನಿಲ್ಲಿ ಎಂದು ಅವನೇ ಊರಿಗೆಲ್ಲ ಹೇಳಿದವನು. ಎರಡನೆಯ ಸುತ್ತಿನಲ್ಲಿ ಇಸ್ತ್ರಿ ಹಲಗೆ ಅಡುಗೆಮನೆಯ ಹೊಸ್ತಿಲಿಗೆ ಬಡಿದ ಸದ್ದಿಗೆ ಕೆಳಮನೆಯ ನಿವೃತ್ತ ಟೈಪಿಸ್ಟು ಮೇಲೆ ಬಂದರು. ಬಾಗಿಲು ತೆರೆದೇ ಇತ್ತು. ಸೋಪಿನ ನೊರೆಯ ನಡುವೆ, ಇಸ್ತ್ರಿ ಹಲಗೆಯ ಮೇಲೆ, ಕಣ್ಣು ಮುಚ್ಚಿ ಟವೆಲು ಹಿಡಿದು ಕೂತಿದ್ದ ಸರ್ಕಾರಿ ಅಧಿಕಾರಿಯನ್ನು ಅವರು ನೋಡಿದರು. ಏನೂ ಕೇಳದೆ ಇಳಿದು ಹೋದರು. ಸಂಜೆಯೊಳಗೆ ಕಟ್ಟಡಕ್ಕೆಲ್ಲ ಸುದ್ದಿ ಮುಟ್ಟಿತ್ತು: ಬಡ್ತಿ ಸಿಗದ ಕೊರಗು ತಲೆಗೇರಿದೆ, ಪಾಪ. ಮರುದಿನದಿಂದ ಅವನು ಲಿಫ್ಟಿನೊಳಗೆ ಕಾಲಿಟ್ಟರೆ ಉಳಿದವರು ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದೆಂದು ಹೊರಗೆ ಬರುತ್ತಿದ್ದರು. ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು, ಶನಿವಾರ ಹಲಗೆ ಹತ್ತುವ ದಿನ ತಾನೂ ಬರುತ್ತೇನೆ ಎಂದಳು.

ಶನಿವಾರ ಕೆರೆಯ ದಡದಲ್ಲಿ ಮಾರನೆಯ ದಿನದ ವೇದಿಕೆ ಎದ್ದು ನಿಂತಿತ್ತು. ತಾನು ಯಾವ ಕುರ್ಚಿಯಲ್ಲಿ ಕೂರಬೇಕೆಂದು ನೋಡಲು ಮೇಲಧಿಕಾರಿಯೂ ಬಂದಿದ್ದರು. ಸಂಜೆಯೊಳಗೆ ಕಡತ ಮುಗಿದು ಅವರ ಕಾರು ಸೇರಬೇಕು, ಇಲ್ಲದಿದ್ದರೆ ನಾಳೆ ಉದ್ಘಾಟನೆಯಿಲ್ಲ. ಮಾಲೀಕ ಬೆವರೊರೆಸಿಕೊಳ್ಳುತ್ತ ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದ.

ಕೊನೆಮಹಡಿ ತೇಲುಅಂಗಿ ತೊಟ್ಟು, ಗಂಟೆಯ ಹೆಲ್ಮೆಟ್ಟು ಹಾಕಿ, ಹಲಗೆ ಕಟ್ಟಿಕೊಂಡು ಕಟ್ಟೆಯಂಚಿನಲ್ಲಿ ಕೂತ. ಕಲಿಸುವವಳು ಏನೇನೋ ಹೇಳಿದಳು. ಅವನು ‘ಹೂಂ’ ಎಂದ. ಮೇಲೆ ತಂತಿ ಬಂತು, ಹಗ್ಗ ಸೆಟೆಯಿತು, ಅವನ ಕೈಗಳು ಹೊರಟವು. ಕೈಗಳ ಹಿಂದೆ ತಲೆ ಹೊರಟಿತು. ಉಳಿದದ್ದು ಇನ್ನೂ ಕಟ್ಟೆಯ ಮೇಲೆ ಯೋಚನೆ ಮಾಡುತ್ತಿತ್ತು. ಮರುಕ್ಷಣ ಇಡೀ ಮನುಷ್ಯ ನೀರೊಳಗಿದ್ದ. ಹಿಡಿಕೆ ಬಿಡಿ, ಬಿಡಿ ಎಂದು ಅವಳು ಕೂಗಿದ ಕೂಗಿಗೆ ಆಚೆ ದಡದ ಹಕ್ಕಿಗಳು ಎದ್ದವು. ಅವನು ಬಿಡಲಿಲ್ಲ. ನೇಗಿಲು ಹೊಲ ಉಳುವಂತೆ ಅವನ ಮೂಗು ಕೆರೆಯನ್ನು ಉಳುತ್ತ ಹೋಯಿತು. ನೀರಿನ ಅಡಿಯಿಂದ ಸೈಕಲ್ ಗಂಟೆ ಮಂದವಾಗಿ ಕೇಳಿಸಿತು. ನಿಯಮದಂತೆ ಗಂಟೆ ಕೆಲಸ ಮಾಡುತ್ತಿದೆ ಎಂದು ಮೇಲಧಿಕಾರಿ ಮೆಚ್ಚಿಕೊಂಡರು.

ಅವನು ದಡಕ್ಕೆ ಬಂದ ಮೇಲೆ ಕಲಿಸುವವಳು ಸೊಂಟಕ್ಕೆ ಕೈ ಕೊಟ್ಟು ನಿಂತು, ಬಿದ್ದರೆ ಬಿಡಬೇಕು ಎಂದು ಹೇಳಲಿಲ್ಲವೇ ಎಂದು ಕೇಳಿದಳು. ನಡುವೆ ಇಳಿಯುವುದು ಸುರಕ್ಷತೆಗೆ ವಿರುದ್ಧ ಎಂದು ಅವನು ಕೆಮ್ಮುತ್ತಲೇ ಉತ್ತರಿಸಿದ. ಅಕ್ಕನ ಜೊತೆ ಬಂದು ದಡದಲ್ಲಿ ನಿಂತಿದ್ದ ಭಾವಮೈದುನ ಹೆಮ್ಮೆಯಿಂದ ತಲೆಯಾಡಿಸಿದ.

ಹೀಗೆ ಎಷ್ಟೋ ಸಲವಾಯಿತು. ಒಮ್ಮೆ ಮುಂದಕ್ಕೆ ಬಿದ್ದ, ಒಮ್ಮೆ ಹಿಂದಕ್ಕೆ ಬಿದ್ದ, ಒಮ್ಮೆ ಯಾವ ಕಡೆಗೆ ಬಿದ್ದನೆಂದು ಯಾರಿಗೂ ನಿರ್ಧರಿಸಲಾಗಲಿಲ್ಲ. ಆಮೇಲಾಮೇಲೆ ಒಂದು ಕಂಬ ದಾಟಿದ, ಎರಡು ಕಂಬ ದಾಟಿದ, ಮೂರನೆಯ ತಿರುವಿಗೆ ಬಂದಾಗಲೆಲ್ಲ ತಂತಿ ಒಂದು ಕಡೆ ಹೋಗಿ ಇವನು ಇನ್ನೊಂದು ಕಡೆ ಹೋದ. ಆ ತಿರುವಿನಾಚೆ ಗಣಿಯ ಬಂಡೆ ಅಡ್ಡ ಬಂದು ಕೆರೆ ಮರೆಯಾಗುತ್ತಿತ್ತು. ಪ್ರತಿ ಸಲ ದಡಕ್ಕೆ ಬಂದವನೇ ಅವನು ಏನಾದರೊಂದು ವರದಿ ಒಪ್ಪಿಸುತ್ತಿದ್ದ. ನೀರು ಮೆಲ್ಲಗೆ ಹೋದರೆ ಹತ್ತಿಯಂತೆ, ಜೋರಾಗಿ ಹೋದರೆ ಹಂಚಿನಂತೆ ಇರುತ್ತದೆಂದೂ, ಮೂಗಿನಲ್ಲಿ ಹೋದ ನೀರು ಬಹಳ ಹೊತ್ತಾದ ಮೇಲೆ ಕಿವಿಯಲ್ಲಿ ಮಾತಾಡುತ್ತದೆಂದೂ ಹೇಳಿದ. ಇದರಲ್ಲಿ ಯಾವುದೂ ಕಡತಕ್ಕೆ ಬೇಕಿರಲಿಲ್ಲ.

ಬಿಸಿಲು ಇಳಿಯತೊಡಗಿತು. ಮೇಲಧಿಕಾರಿ ಕಡತ ಹಿಡಿದು ಕಟ್ಟೆಗೇ ಬಂದರು.

“ನೋಡ್ರಿ, ಮುಕ್ಕಾಲು ಪಾಲು ಹೋಗಿದ್ದೀರಿ. ಸಾಕು, ಸಹಿ ಹಾಕಿ. ಯಾರು ಕೇಳ್ತಾರೆ?”

ಮಾಲೀಕ ಕೈಮುಗಿದ. ಇವನು ನೀರಲ್ಲಿ ಕುತ್ತಿಗೆಯವರೆಗೆ ಮುಳುಗಿ ನಿಂತು, ಹೆಲ್ಮೆಟ್ಟಿನಿಂದ ನೀರು ಸುರಿಯುತ್ತಿರುವಾಗಲೇ, ಬಹಳ ವಿನಯದಿಂದ ಹೇಳಿದ:

“ಸಾರ್, ಮೂರನೇ ತಿರುವಿನಾಚೆ ಏನಿದೆ ಅಂತ ನಾನಿನ್ನೂ ನೋಡಿಲ್ಲ.”

ಈಗಲೇ ಬೇರೆ ಇನ್ಸ್‌ಪೆಕ್ಟರನ್ನು ಕರೆಸಿ ಸಹಿ ಹಾಕಿಸುತ್ತೇನೆ, ಈ ಕಡತದಿಂದ ನಿಮ್ಮ ಹೆಸರು ತೆಗೆದುಹಾಕುತ್ತೇನೆ ಎಂದರು ಮೇಲಧಿಕಾರಿ. ಕೊನೆಮಹಡಿಯ ಮುಖ ಸಣ್ಣದಾಯಿತು. ಹತ್ತಿದ ಲಿಫ್ಟಿನಿಂದ ಅರ್ಧಕ್ಕೆ ಇಳಿಸಿಕೊಂಡ ಅನುಭವ ಅವನ ಕೆಲಸದಲ್ಲಿ ಅದುವರೆಗೆ ಆಗಿರಲಿಲ್ಲ. ಇನ್ನೊಂದೇ ಸಲ ಎಂದು ಬೇಡಿಕೊಂಡ.

ಮತ್ತೆ ಕಟ್ಟೆಯಂಚಿಗೆ ಹತ್ತಿ ಕೂತ ಅವನ ಪಕ್ಕಕ್ಕೆ ಕಲಿಸುವವಳು ಬಂದು ಕುಕ್ಕರಿಸಿದಳು. ಅಷ್ಟು ಹೊತ್ತು ಕೂಗಿದ ಗಂಟಲು ಬಿದ್ದುಹೋಗಿ ಈಗ ಮೆಲ್ಲಗೆ ಮಾತಾಡುವುದು ಅನಿವಾರ್ಯವಾಗಿತ್ತು.

“ಸಾರ್, ನೀವು ಎದ್ದೇಳೋಕೆ ಹೋಗ್ತಿದ್ದೀರಿ. ಅದಕ್ಕೇ ಬೀಳ್ತಿರೋದು. ಲಿಫ್ಟಲ್ಲಿ ಮೇಲೆ ಹೋಗೋಕೆ ನೀವೇ ಹಾರ್ತೀರಾ?”

“ಇಲ್ಲ.”

“ಏನ್ ಮಾಡ್ತೀರಿ?”

“ಸುಮ್ನೆ ನಿಂತಿರ್ತೀನಿ.”

“ಇಲ್ಲೂ ಅಷ್ಟೇ ಮಾಡಿ.”

ಇಡೀ ದಿನ ಮಂಡಿ, ಸೊಂಟ, ಮೊಣಕೈ ಎಂದು ಅವಳು ಹೇಳಿದ್ದು ಯಾವುದೂ ತಲೆಗೆ ಹೋಗದವನಿಗೆ ಇದು ಹೋಯಿತು. ಹಗ್ಗ ಸೆಟೆಯಿತು. ಅವನು ಏನೂ ಮಾಡಲಿಲ್ಲ. ಹಲಗೆ ತಾನೇ ನೀರಿನ ಮೇಲೆ ಬಂತು, ಅವನು ತಾನೇ ಹಲಗೆಯ ಮೇಲಿದ್ದ. ಆಮೇಲೆ ಅವನು ಲಿಫ್ಟಿನಲ್ಲಿ ನಿಲ್ಲುವ ಹಾಗೆ ನಿಂತ. ಅಂದರೆ ಗದ್ದ ಸ್ವಲ್ಪ ಮೇಲೆತ್ತಿ, ಯಾರನ್ನೂ ನೋಡದೆ, ಮಹಡಿಯ ಸಂಖ್ಯೆ ಬದಲಾಗುವುದನ್ನು ಕಾಯುವವನ ಗಂಭೀರ ಮುಖ ಹಾಕಿಕೊಂಡು. ಹಿಡಿಕೆಯ ತಗಡಿನಲ್ಲಿ ತನ್ನದೇ ಮುಖ ಕಂಡಾಗ ಪರಿಚಯವಿಲ್ಲದವರಿಗೆ ಮಾಡುವಂತೆ ಸಣ್ಣಗೆ ತಲೆಯಾಡಿಸಿದ. ಮೊದಲ ಕಂಬ ಹೋಯಿತು, ಎರಡನೆಯದು ಹೋಯಿತು. ಮೂರನೆಯ ತಿರುವಿನಲ್ಲಿ ತಂತಿ ತಿರುಗಿತು, ಹಗ್ಗ ತಿರುಗಿತು, ಕೊನೆಮಹಡಿಯೂ ತಿರುಗಿ ಬಂಡೆಯ ಮರೆಗೆ ಹೋದ.

ಬಂಡೆಯ ಆಚೆಯಿಂದ ಗಂಟೆಯ ಸದ್ದು ಬಂತು. ಅದರ ಹಿಂದೆ ಅವನೂ ಬಂದ, ನಿಂತೇ ಬಂದ. ಮಾಲೀಕ ಮೇಲಧಿಕಾರಿಯನ್ನು ತಬ್ಬಿಕೊಂಡ. ಭಾವಮೈದುನ ಶಿಳ್ಳೆ ಹೊಡೆದ. ಕೊನೆಮಹಡಿ ಹೊರಟ ಕಟ್ಟೆಯ ಮುಂದೆ ಬಂದು, ಅದೇ ಗಂಭೀರ ಮುಖದಲ್ಲಿ ಎಲ್ಲರನ್ನೂ ದಾಟಿ ಹೊರಟುಹೋದ.

ಇಳಿಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅದು ಬೇಕಾದೀತೆಂದು ಯಾರಿಗೂ ಅನ್ನಿಸಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಕೈ ಬಿಡಿ ಎಂದು ಎಲ್ಲರೂ ಕೂಗಿದರು. ಬೆರಳು ಬಿಡುತ್ತಿಲ್ಲ ಎಂದು ಅವನು ಹೋಗುತ್ತಲೇ ಉತ್ತರ ಕೊಟ್ಟ. ಮೂರನೆಯ ಸುತ್ತಿನಲ್ಲಿ, ಬಂಡೆಯಾಚೆ ನೀರು ಹಸಿರಾಗಿದೆ, ಗೋಡೆಯ ಮೇಲೆ ಉಳಿಯ ಗೆರೆಗಳು ಹಾಗೇ ಇವೆ ಎಂದು ತಿಳಿಸಿದ. ನಾಲ್ಕನೆಯದರಲ್ಲಿ ಅಲ್ಲೊಂದು ಆಮೆಯಿದೆ ಎಂದ. ಕೊನೆಗೆ ಮಾಲೀಕ ಓಡಿ ಹೋಗಿ ಮೋಟಾರು ನಿಲ್ಲಿಸಿದ. ತಂತಿ ನಿಂತಿತು, ಹಗ್ಗ ಜೋತಿತು, ಕೊನೆಮಹಡಿ ಕಟ್ಟೆಯೆದುರು ನೆಟ್ಟಗೆ ನಿಂತಲ್ಲೇ ನಿಧಾನವಾಗಿ ಕೆಳಗಿಳಿಯುತ್ತ ಹೋದ. ಆ ದಿನ ಆ ಯಂತ್ರ ಲಿಫ್ಟಿನ ಹಾಗೆ ಕೆಲಸ ಮಾಡಿದ್ದು ಅದೊಂದೇ ಕ್ಷಣ.

ಎತ್ತಿ ತಂದು ಕೂರಿಸಿ, ಬೆರಳುಗಳ ನಡುವಿನಿಂದ ಹಿಡಿಕೆಯನ್ನು ಬಳೆ ತೆಗೆದಂತೆ ತಿರುಚಿ ತೆಗೆದರು. ಮೇಲಧಿಕಾರಿ ಕಡತ ಬಿಚ್ಚಿ ಪೆನ್ನು ಕೊಟ್ಟರು. ಪೆನ್ನು ಕೆಳಗೆ ಬಿತ್ತು. ಮತ್ತೆ ಕೊಟ್ಟರು, ಮತ್ತೆ ಬಿತ್ತು. ಬೆರಳುಗಳು ಹಿಡಿಕೆಯ ಅಳತೆಗೇ ನಿಂತುಬಿಟ್ಟಿದ್ದವು. ಮಡಚಲೂ ಬಾರವು, ಬಿಚ್ಚಲೂ ಬಾರವು, ನಡುವೆ ಹಿಡಿಕೆಯಷ್ಟು ದಪ್ಪದ ತೂತು. ಪೆನ್ನು ಆ ತೂತಿನಿಂದ ಇಳಿದು ಹೋಗುತ್ತಿತ್ತು. ಕಲಿಸುವವಳು ಉಜ್ಜಿದಳು, ಭಾವಮೈದುನ ಊದಿದ, ಮಾಲೀಕ ಬಿಸಿ ಕಾಫಿ ಲೋಟ ಒತ್ತಿದ. ಇಷ್ಟು ವರ್ಷ ಹತ್ತಿದ ಮೇಲೇ ಸಹಿ ಎಂದವನು ಹತ್ತಿಳಿದು ಬಂದು ಸಹಿ ಹಾಕಲಾಗದೆ ಕೂತಿದ್ದ.

“ಹೆಬ್ಬೆಟ್ಟು ಒತ್ತಿ,” ಎಂದರು ಮೇಲಧಿಕಾರಿ, ಇಂಜಿನಿಯರಿಂಗ್ ಓದಿದ ಮನುಷ್ಯನಿಗೆ.

ಒತ್ತಿದ. ಇಡೀ ದಿನ ನೀರಲ್ಲಿ ನೆಂದು ಸುಕ್ಕುಗಟ್ಟಿದ ಹೆಬ್ಬೆರಳು ಕಾಗದದ ಮೇಲೆ ಒಂದು ಚಿಕ್ಕ ಕೆರೆಯನ್ನು, ಅದರ ಅಲೆಗಳ ಸಮೇತ, ಬಿಡಿಸಿತು. ಹೆಬ್ಬೆಟ್ಟೆಂದ ಮೇಲೆ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು. ಅವರು ಇಲಾಖೆಯವರಾಗಿರಬಾರದು, ಪಾರ್ಕಿನವರೂ ಆಗಿರಬಾರದು. ಭಾವಮೈದುನ ಓದದೆಯೇ ಸಹಿ ಜಡಿದ. ಇನ್ನೊಬ್ಬಳು ಹೆಂಡತಿ.

ಅವಳು ಪೆನ್ನು ತೆಗೆದುಕೊಂಡಳು. ಕಾಗದದ ಮೇಲೆ ಬರೆದಿದ್ದನ್ನು ಎರಡು ಸಲ ಓದಿದಳು. ಪೆನ್ನು ಕೆಳಗಿಟ್ಟಳು.

“ಕಣ್ಣಾರೆ ಕಂಡಿದ್ದೇನೆ ಅಂತ ಇದೆ. ನಾನು ಕಂಡಿಲ್ಲ.”

ಎಲ್ಲರೂ ಅವಳನ್ನು ನೋಡಿದರು.

“ಇವರು ನೀರಿಗಿಳಿದಾಗಿಂದ ಕಣ್ಣು ಮುಚ್ಚಿಕೊಂಡೇ ಇದ್ದೆ,” ಎಂದಳು. “ಹೆದರಿಕೆ ಆಗಿತ್ತು.”

ಮೇಲಧಿಕಾರಿ ಸೋತ ಧ್ವನಿಯಲ್ಲಿ, ಹಾಕಿಬಿಡಮ್ಮ, ಯಾರು ಕೇಳುತ್ತಾರೆ ಎಂದರು. ನೋಡದ್ದಕ್ಕೆ ಹೇಗೆ ಸಹಿ ಹಾಕಲಿ ಎಂದು ಅವಳು ಕೇಳಿದಳು. ಮಾಲೀಕ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಕೊನೆಮಹಡಿ ಮಾತ್ರ ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ನಿಂತು, ಮುಷ್ಟಿಯಾಗದ ಎರಡೂ ಕೈಗಳನ್ನು ಮುಂದೆ ಚಾಚಿದ. ಪೆನ್ನಿಗೆ ಒಗ್ಗದ ಬೆರಳುಗಳೊಳಗೆ ಹಿಡಿಕೆ ಬೀಗದೊಳಗೆ ಕೀಲಿ ಹೋದ ಹಾಗೆ ಹೋಗಿ ಕೂತಿತು.

“ಸರಿ ಕಣೆ. ಇನ್ನೊಂದು ಸುತ್ತು ಹೋಗಿ ಬರ್ತೀನಿ. ಈ ಸಲ ನೋಡು.”

ಮೋಟಾರು ಹೊರಟಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ತುದಿಗೇ ಹೋಗಿ ನಿಂತಳು. ಅವನು ಎದ್ದದ್ದನ್ನು ನೋಡಿದಳು, ಗದ್ದ ಮೇಲೆತ್ತಿದ್ದನ್ನು ನೋಡಿದಳು, ಮೂರನೆಯ ತಿರುವಿನಲ್ಲಿ ಮರೆಯಾದಾಗ ಕತ್ತು ಉದ್ದ ಮಾಡಿದಳು. ಬಂಡೆಯ ಈಚೆ ಮತ್ತೆ ಕಾಣಿಸಿಕೊಂಡಾಗ ಅವನ ಮುಖದಲ್ಲಿ ಲಿಫ್ಟಿನ ಗಾಂಭೀರ್ಯ ಉಳಿದಿರಲಿಲ್ಲ. ಬಾಯಿ ಕಿವಿಯವರೆಗೆ ಹೋಗಿತ್ತು. ಕಟ್ಟೆ ಹತ್ತಿರವಾಯಿತು. ಮೇಲಧಿಕಾರಿ ಒಂದು ಕೈಯಲ್ಲಿ ಕಡತ, ಒಂದು ಕೈಯಲ್ಲಿ ಪೆನ್ನು ಹಿಡಿದು ಅವಳ ಬೆನ್ನ ಹಿಂದೆ ನಿಂತು, ಈಗ ನೋಡಿದಿರಲ್ಲ ತಾಯಿ, ಮೋಟಾರು ನಿಲ್ಲಿಸಲು ಹೇಳಲೇ ಎಂದು ಕೇಳಿದರು.

ಅವನು ಎದುರಿಗೇ ಹಾದುಹೋದ. ನೀರು ಅವಳ ಪಾದಕ್ಕೆ ಸಿಡಿಯಿತು.

“ಇನ್ನೊಂದು ಸುತ್ತು ಹೋಗ್ಲಿ ಬಿಡಿ,” ಎಂದಳು ಅವಳು, ಕಣ್ಣು ತೆಗೆಯದೆ. “ನಂಗಿನ್ನೂ ಸರಿಯಾಗಿ ಕಾಣಿಸ್ಲಿಲ್ಲ.”